ವಸಂತದಲ್ಲಿ ಕಾಡುಬೆಟ್ಟದ ಸುತ್ತುಹಾದಿ: ಹಿಮ, ಕೆಸರು ಮತ್ತು ಹಳ್ಳಗಳ ನಡುವಿನ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟಗಳಿಗೆ ವಸಂತ ಒಮ್ಮೆಲೇ ಬರುವುದಿಲ್ಲ. ಬುಡದಿಂದ ತುದಿಗೆ ಅದು ವಾರಗಟ್ಟಲೆ ಹತ್ತುತ್ತಾ ಹೋಗುತ್ತದೆ. ಕೆಳಗೆ ನೆಲ ಒಣಗಿ, ಹೂ ಅರಳಿ, ಹಾದಿ ಬೇಸಿಗೆಯ ಹಾದಿಯಂತೆಯೇ ಕಾಣುವ ಹೊತ್ತಿಗೆ, ಐನೂರು ಮೀಟರ್ ಮೇಲೆ ಸೂಜಿಎಲೆ ಮರಗಳ ನೆರಳಿನಲ್ಲಿ ಮೊಣಕಾಲೆತ್ತರದ ಹಳೆಯ ಹಿಮ ಹಾಗೆಯೇ ಕುಳಿತಿರುತ್ತದೆ. ವಾಹನ ನಿಲ್ಲಿಸಿದ ಜಾಗದಲ್ಲಿ ಕಂಡ ನೆಲವನ್ನು ನೋಡಿ ಇಡೀ ದಿನವನ್ನು ಅಂದಾಜು ಮಾಡುವುದೇ ಈ ಕಾಲದ ಚಾರಣಿಗರು ಮಾಡುವ ಮೊದಲ ತಪ್ಪು.

ಸುತ್ತುಹಾದಿಯಲ್ಲಿ ಈ ತಪ್ಪಿಗೆ ತೆರಬೇಕಾದ ಬೆಲೆ ಹೆಚ್ಚು. ಹೋದ ದಾರಿಯಲ್ಲೇ ಮರಳುವ ಹಾದಿಯಾದರೆ, ಹಿಂದಿರುಗುವಾಗ ಎದುರಾಗುವುದೆಲ್ಲವೂ ಬೆಳಿಗ್ಗೆ ಕಂಡು ದಾಟಿ ಬಂದದ್ದೇ ಆಗಿರುತ್ತದೆ. ಸುತ್ತುಹಾದಿಯಲ್ಲಾದರೋ ಕೊನೆಯ ಕಿಲೋಮೀಟರಿನವರೆಗೂ ಕಾಣದ ನೆಲವೇ ಮುಂದಿರುತ್ತದೆ. ದಣಿದ ಕಾಲು, ಇಳಿಯುತ್ತಿರುವ ಬೆಳಕು, ಮಧ್ಯಾಹ್ನದ ಬಿಸಿಲಿಗೆ ಕರಗಿ ಉಕ್ಕಿದ ಹಳ್ಳ, ಇವು ಮೂರೂ ಒಟ್ಟಿಗೆ ಸಿಗುವುದು ಆ ಕೊನೆಯ ಭಾಗದಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಹಾದಿಯಲ್ಲಿ ಯಾವುದರ ಬಗ್ಗೆ ಅತಿ ಹೆಚ್ಚು ಅನುಮಾನವಿದೆಯೋ ಅದನ್ನು ದಿನದ ಮೊದಲ ಭಾಗಕ್ಕೇ ತಂದುಕೊಳ್ಳಬೇಕು.

ಮೊದಲ ಹೆಜ್ಜೆ: ನಕ್ಷೆಯಲ್ಲಿ ಬೆಟ್ಟದ ಮುಖಗಳನ್ನು ಗುರುತಿಸುವುದು

ಎತ್ತರದ ರೇಖೆಗಳಿರುವ ನಕ್ಷೆಯನ್ನು ಮುಂದಿಟ್ಟುಕೊಂಡು ಸುತ್ತುಹಾದಿಯನ್ನು ತುಂಡುತುಂಡಾಗಿ ನೋಡಿ. ಪ್ರತಿ ತುಂಡಿನ ಬಗ್ಗೆಯೂ ಮೂರು ಸಂಗತಿಗಳು ತಿಳಿಯಬೇಕು: ಅದು ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಮತ್ತು ಅಲ್ಲಿರುವುದು ಎಂಥ ಮರಗಳು.

ಸಾವಿರ ಮೀಟರ್ ಮೇಲೇರಿದರೆ ಗಾಳಿಯ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. 400 ಮೀಟರ್ ಎತ್ತರದ ಕಣಿವೆಯಲ್ಲಿ 14 ಡಿಗ್ರಿ ಇದ್ದರೆ 1,400 ಮೀಟರ್ ಎತ್ತರದ ತುದಿಯಲ್ಲಿ ಏಳೂವರೆ ಡಿಗ್ರಿಯಷ್ಟೇ ಇರುತ್ತದೆ ಎಂದು ಎಣಿಸಬೇಕು. ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಅದಕ್ಕಿಂತಲೂ ಹೆಚ್ಚು. ದಿಕ್ಕಿನ ವಿಷಯಕ್ಕೆ ಬಂದರೆ, ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳು ಬಿಸಿಲು ಕಾಣುವುದು ಕಡಿಮೆಯಾದ್ದರಿಂದ ಅಲ್ಲಿನ ಹಿಮ ತಡವಾಗಿ ಕರಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುವುಮುರುವು, ವಸಂತದ ತಿಂಗಳುಗಳೂ ಅಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಮುಂದೆ ನಾನು ‘ನೆರಳಿನ ಮಗ್ಗುಲು’, ‘ಬಿಸಿಲಿನ ಮಗ್ಗುಲು’ ಎಂದೇ ಬರೆಯುತ್ತೇನೆ. ಓದುವವರು ತಮ್ಮ ಗೋಳಾರ್ಧಕ್ಕೆ ಹೊಂದಿಸಿಕೊಳ್ಳಬೇಕು.

ಮರಗಳ ಬಗೆಯನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲೆ ಉದುರಿಸುವ ಮರಗಳ ಕಾಡು ವಸಂತದ ಆರಂಭದಲ್ಲಿ ಬೋಳಾಗಿರುವುದರಿಂದ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು ಹಿಮ ಬೇಗ ಹೋಗುತ್ತದೆ. ಸ್ಪ್ರೂಸ್, ಫರ್‌ನಂಥ ಸದಾ ಹಸಿರಾದ ಮರಗಳ ದಟ್ಟ ಕಾಡಿನಲ್ಲಿ ಬಿಸಿಲು ಒಳನುಗ್ಗುವುದೇ ಕಷ್ಟ. ಹಾಗಾಗಿ ಅಲ್ಲಿ ಹಾದಿಯ ಮೇಲಿನ ಹಿಮ ವಾರಗಟ್ಟಲೆ ಹೆಚ್ಚು ಉಳಿಯುತ್ತದೆ. ನಕ್ಷೆಯಲ್ಲಿ ಎತ್ತರವೂ ಹೆಚ್ಚಿದ್ದು, ನೆರಳಿನ ಮಗ್ಗುಲೂ ಆಗಿದ್ದು, ಸೂಜಿಎಲೆ ಮರಗಳೂ ಇರುವ ತುಂಡು ಎಲ್ಲಿದೆಯೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟುಕೊಳ್ಳಿ. ಹಾದಿ ಹಳ್ಳಗಳನ್ನು ದಾಟುವ ಜಾಗಗಳಿಗೂ ಹೀಗೆಯೇ ಗುರುತು ಹಾಕಿ, ಅವುಗಳ ಮೇಲೆ ಸೇತುವೆ ಇದೆಯೋ ಇಲ್ಲವೋ ವಿಚಾರಿಸಿ.

ಹಾದಿಯು ಮರಗಳಿಲ್ಲದ, 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರನ್ನು ಅಥವಾ ಅದರ ಕೆಳಭಾಗವನ್ನು ಹಾದುಹೋಗುವುದಾದರೆ ಅದು ಹಿಮಕುಸಿತದ ನೆಲ, ಅಂದರೆ ಇಳಿಜಾರಿನ ಹಿಮದ ರಾಶಿ ಒಮ್ಮೆಲೇ ಕಳಚಿ ಜಾರಿ ಬರಬಹುದಾದ ಜಾಗ. ಆ ಪ್ರದೇಶದ ಹಿಮಕುಸಿತ ಮುನ್ಸೂಚನೆಯನ್ನು ಓದದೆ, ಅದಕ್ಕೆ ಬೇಕಾದ ತರಬೇತಿಯಿಲ್ಲದೆ ಅಲ್ಲಿಗೆ ಹೋಗಕೂಡದು.

ಎರಡನೆಯ ಹೆಜ್ಜೆ: ಹಿಂದಿನ ರಾತ್ರಿಯನ್ನು ಗಮನಿಸುವುದು

ಚಾರಣದ ದಿನದ ಹವಾಮಾನವನ್ನು ಎಲ್ಲರೂ ನೋಡುತ್ತಾರೆ. ವಸಂತದಲ್ಲಿ ಅದಕ್ಕಿಂತ ಹೆಚ್ಚು ತಿಳಿಸುವುದು ಹಿಂದಿನ ರಾತ್ರಿಯ ಹವಾಮಾನ. ಆಕಾಶ ನಿರ್ಮಲವಾಗಿದ್ದು ತಾಪಮಾನ ಹಲವು ಗಂಟೆ ಸೊನ್ನೆಗಿಂತ ಕೆಳಗಿದ್ದರೆ, ಹಗಲು ಕರಗಿದ ಹಿಮದ ಮೇಲ್ಪದರ ಮತ್ತೆ ಹೆಪ್ಪುಗಟ್ಟಿ ಬೆಳಗಿನ ಹೊತ್ತು ಮನುಷ್ಯನ ಭಾರವನ್ನು ಹೊರುವಷ್ಟು ಗಟ್ಟಿಯಾಗುತ್ತದೆ. ಕೆಸರೂ ಗಟ್ಟಿಯಾಗಿರುತ್ತದೆ, ಹಳ್ಳದ ನೀರೂ ಇಳಿದಿರುತ್ತದೆ. ಮೋಡ ಮುಚ್ಚಿದ ರಾತ್ರಿಯಲ್ಲಿ ನೆಲದ ಶಾಖ ಹೊರಗೆ ಹೋಗದ ಕಾರಣ ಈ ಹೆಪ್ಪುಗಟ್ಟುವಿಕೆ ಸರಿಯಾಗಿ ಆಗುವುದಿಲ್ಲ, ಬೆಳಗಿನ ಆರು ಗಂಟೆಗೂ ಹಿಮ ಮೆತ್ತಗೇ ಇರುತ್ತದೆ. ದಟ್ಟ ಮರಗಳ ಮೇಲ್ಛಾವಣಿಯೂ ಮೋಡದಂತೆಯೇ ಶಾಖವನ್ನು ತಡೆಯುವುದರಿಂದ, ಬಯಲಿನಲ್ಲಿ ಕಲ್ಲಿನಂತಾದ ಹಿಮ ಕಾಡಿನೊಳಗೆ ಅಷ್ಟು ಗಟ್ಟಿಯಾಗದೆ ಉಳಿಯಬಹುದು.

ರಾತ್ರಿಯಿಡೀ ಮಳೆ ಬಂದು, ಜೊತೆಗೆ ಬೆಚ್ಚಗೂ ಇದ್ದರೆ ಹೊರಡದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಯ ನೀರಿನ ಜೊತೆಗೆ ಕರಗುವ ಹಿಮದ ನೀರೂ ಸೇರಿ ಹಳ್ಳಗಳು ಗಂಟೆಗಳೊಳಗೆ ಏರುತ್ತವೆ.

ಇದೇ ಹಂತದಲ್ಲಿ ಹಾದಿ ತೆರೆದಿದೆಯೇ ಎಂಬುದನ್ನೂ ನೋಡಬೇಕು. ಹಿಮ ಕರಗುವ ವಾರಗಳಲ್ಲಿ ಹಾದಿಗಳನ್ನು ಮುಚ್ಚುವ ಅಥವಾ ಬಾರದಿರಿ ಎಂದು ಕೋರುವ ಪದ್ಧತಿ ಅನೇಕ ಕಡೆ ಇದೆ. ಉದಾಹರಣೆಗೆ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯು ಕೆಸರಿನ ಈ ಕಾಲದಲ್ಲಿ ಅಡಿರಾಂಡಾಕ್ ಪರ್ವತಗಳ 2,500 ಅಡಿಗಿಂತ ಮೇಲಿನ ಹಾದಿಗಳನ್ನು ಬಳಸದಿರಿ ಎಂದು ಚಾರಣಿಗರನ್ನು ಕೇಳಿಕೊಳ್ಳುತ್ತದೆ. ಇಂಥ ಕೋರಿಕೆಗಳು ಕೇವಲ ಚಾರಣಿಗರ ಸುರಕ್ಷತೆಗಾಗಿ ಬಂದವಲ್ಲ. ತೆಳುವಾದ ಮಣ್ಣು ನೀರು ಕುಡಿದು ಸಡಿಲವಾಗಿರುವಾಗ ಅದರ ಮೇಲೆ ಬೀಳುವ ಒಂದೊಂದು ಹೆಜ್ಜೆಯೂ ಹಾದಿಯನ್ನು ಕೆಡಿಸುತ್ತದೆ.

ಮೂರನೆಯ ಹೆಜ್ಜೆ: ಪ್ರದಕ್ಷಿಣವೋ ಅಪ್ರದಕ್ಷಿಣವೋ ತೀರ್ಮಾನಿಸುವುದು

ಬೇಸಿಗೆಯಲ್ಲಿ ಸುತ್ತುಹಾದಿಯನ್ನು ಯಾವ ಕಡೆಯಿಂದ ಹಿಡಿದರೂ ಅಂಥ ವ್ಯತ್ಯಾಸವಿಲ್ಲ. ವಸಂತದಲ್ಲಿ ಇಡೀ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇನ್ನೊಂದಿಲ್ಲ.

ಕಡಿದಾದ, ಮಂಜುಗಡ್ಡೆ ಇರಬಹುದಾದ ನೆರಳಿನ ಮಗ್ಗುಲನ್ನು ಏರುವುದು ಇಳಿಯುವುದಕ್ಕಿಂತ ಸುಲಭವೂ ಹೌದು, ಸುರಕ್ಷಿತವೂ ಹೌದು. ಏರುವಾಗ ಮೈಭಾರ ಮುಂದಕ್ಕಿರುತ್ತದೆ, ಜಾರಿದರೆ ಕೈ ಊರಲು ನೆಲ ಎದುರಿಗೇ ಇರುತ್ತದೆ. ಇಳಿಯುವಾಗ ಅದೇ ಜಾರು ಬೆನ್ನಿನ ಮೇಲೆ ಕೆಡವಿ ಮರದ ಬೊಡ್ಡೆಯವರೆಗೆ ಎಳೆದೊಯ್ಯಬಲ್ಲದು. ಬೆಳಿಗ್ಗೆ ಬೇಗ ಹೊರಟರೆ ಆ ಮಗ್ಗುಲಿನ ಹಿಮದ ಮೇಲ್ಪದರವೂ ಗಟ್ಟಿಯಿದ್ದು ಕಾಲು ಹೂತುಹೋಗುವುದಿಲ್ಲ. ಆದ್ದರಿಂದ ಸಾಮಾನ್ಯ ನಿಯಮವೆಂದರೆ ನೆರಳಿನ ಮಗ್ಗುಲಿನಿಂದ ಏರಿ ಬಿಸಿಲಿನ ಮಗ್ಗುಲಿನಿಂದ ಇಳಿಯುವುದು.

ಆದರೆ ಸೇತುವೆಯಿಲ್ಲದ ದೊಡ್ಡ ಹಳ್ಳವೊಂದು ಬಿಸಿಲಿನ ಮಗ್ಗುಲಿನ ಬುಡದಲ್ಲಿದ್ದರೆ ಈ ನಿಯಮವನ್ನು ಬಿಡಬೇಕಾಗುತ್ತದೆ. ಹನ್ನೊಂದು ಕಿಲೋಮೀಟರ್ ನಡೆದು, ಸಂಜೆ ಐದಕ್ಕೆ, ವಾಹನ ನಿಂತ ಜಾಗದಿಂದ ಒಂದೇ ಕಿಲೋಮೀಟರ್ ದೂರದಲ್ಲಿ ಉಕ್ಕಿ ಹರಿಯುವ ಹಳ್ಳದ ಮುಂದೆ ನಿಂತವರ ಎದುರಿಗೆ ಎರಡೇ ದಾರಿಗಳಿರುತ್ತವೆ: ಹನ್ನೊಂದು ಕಿಲೋಮೀಟರನ್ನು ಕತ್ತಲೆಯಲ್ಲಿ ಹಿಂದಕ್ಕೆ ನಡೆಯುವುದು, ಇಲ್ಲವೇ ಇಳಿಯಬಾರದ ನೀರಿಗೆ ಇಳಿಯುವುದು. ಮನುಷ್ಯನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಆ ಆಯ್ಕೆಯೇ ಎದುರಾಗದಂತೆ ನೋಡಿಕೊಳ್ಳುವುದು ಬೆಳಗಿನ ಕೆಲಸ. ಹಳ್ಳ ಮತ್ತು ಮಂಜುಗಡ್ಡೆ ಬೇರೆಬೇರೆ ಮಗ್ಗುಲುಗಳಲ್ಲಿದ್ದರೆ ಹಳ್ಳವನ್ನೇ ಮೊದಲು ದಾಟುವಂತೆ ದಿಕ್ಕನ್ನು ಆರಿಸಿಕೊಳ್ಳಿ. ಮಂಜುಗಡ್ಡೆಯನ್ನು ಇಳಿಯಲು ಸಲಕರಣೆಯ ನೆರವಿದೆ, ಉಕ್ಕಿದ ನೀರಿಗೆ ಅಂಥದ್ದೇನೂ ಇಲ್ಲ. ಎರಡೂ ಕೊನೆಯಲ್ಲೇ ಬರುವಂತಿದ್ದರೆ ಸುತ್ತುಹಾದಿಯನ್ನು ಕೈಬಿಟ್ಟು, ಒಂದೇ ಮಗ್ಗುಲಿನಲ್ಲಿ ಹತ್ತಿ ಅದೇ ಮಗ್ಗುಲಿನಲ್ಲಿ ಇಳಿದು ಬನ್ನಿ.

ಆರಿಸಿದ ದಿಕ್ಕನ್ನು ಮನೆಯವರಿಗೋ ಗೆಳೆಯರಿಗೋ ಬರೆದು ಕೊಟ್ಟು ಹೊರಡಬೇಕು. ಹಾದಿಯ ಹೆಸರು ಮತ್ತು ಮರಳುವ ಸಮಯ ಮಾತ್ರ ಸಾಲದು. ಪ್ರದಕ್ಷಿಣವಾಗಿ ಹೋಗುತ್ತಿದ್ದೀರೋ ಅಪ್ರದಕ್ಷಿಣವಾಗಿಯೋ ಎಂಬುದು ತಿಳಿದಿದ್ದರೆ, ಹುಡುಕಲು ಬರುವವರು ಯಾವ ಕಡೆಯಿಂದ ಶುರು ಮಾಡಬೇಕೆಂದು ಯೋಚಿಸುತ್ತ ಹೊತ್ತು ಕಳೆಯಬೇಕಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮೀಟರ್ ಲೆಕ್ಕಕ್ಕೆ ತಂದರೆ ಅದು ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ಉದ್ದದ, 700 ಮೀಟರ್ ಏರಿನ ಸುತ್ತುಹಾದಿಗೆ ಈ ಸೂತ್ರದಂತೆ 3 ಗಂಟೆ 34 ನಿಮಿಷ ಸಾಕು. ಆದರೆ ಇದು ಒಣ ನೆಲದ, ದಣಿಯದ ಕಾಲಿನ ಲೆಕ್ಕ. ಆ ಹನ್ನೆರಡರಲ್ಲಿ ನಾಲ್ಕು ಕಿಲೋಮೀಟರ್ ಮೆತ್ತನೆಯ ಹಿಮವಿದ್ದು ಅಲ್ಲಿ ಗಂಟೆಗೆ ಎರಡೇ ಕಿಲೋಮೀಟರ್ ಸಾಗಿದರೆ 1 ಗಂಟೆ 12 ನಿಮಿಷ ಹೆಚ್ಚಾಗುತ್ತದೆ. ಹಳ್ಳದ ಬಳಿ ಜಾಗ ಹುಡುಕುವುದು, ಜಾರದಂತೆ ಬೂಟಿಗೆ ತೊಡಿಸುವ ಮುಳ್ಳುಸರಪಳಿಯನ್ನು ಹಾಕಿ ತೆಗೆಯುವುದು, ಉಣ್ಣುವುದು, ಬಿದ್ದ ಮರಗಳನ್ನು ಬಳಸಿ ಹೋಗುವುದು ಎಲ್ಲ ಸೇರಿದರೆ ಆರು ಗಂಟೆಯ ಮೇಲಾಗುತ್ತದೆ. ಸೂರ್ಯಾಸ್ತಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಮುಗಿಯುವಂತೆ ಹಿಂದಿನಿಂದ ಎಣಿಸಿ ಹೊರಡುವ ಹೊತ್ತನ್ನು ನಿಶ್ಚಯಿಸಿ.

ಚೀಲದಲ್ಲಿ ಇರಬೇಕಾದವು

ಒದ್ದೆಯಾದ ಹತ್ತಿಬಟ್ಟೆ ಬೇಗ ಒಣಗದೆ ಮೈಯ ಶಾಖವನ್ನು ಹೀರುವುದರಿಂದ ಒಳಬಟ್ಟೆಯಿಂದ ಕಾಲುಚೀಲದವರೆಗೆ ಉಣ್ಣೆಯದನ್ನೋ ಸಿಂಥೆಟಿಕ್ ಬಟ್ಟೆಯದನ್ನೋ ಧರಿಸಿ, ಮೇಲೆ ಮಳೆಗಾಳಿ ತಡೆಯುವ ಜಾಕೆಟ್ ಇರಲಿ. ನೀರು ಒಳಹೋಗದ ಬೂಟು, ಬೂಟಿನ ಮೇಲಿಂದ ಮೊಣಕಾಲಿನವರೆಗೆ ಕಟ್ಟುವ ಗೇಟರ್, ಎರಡು ಜೊತೆ ಕೈಗವಸು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಣ ಕಾಲುಚೀಲ, ಒಂದು ಜೊತೆ ಊರುಗೋಲು, ಹೊಸ ಬ್ಯಾಟರಿ ಹಾಕಿದ ತಲೆದೀಪ, ಕಾಗದದ ನಕ್ಷೆ ಮತ್ತು ದಿಕ್ಸೂಚಿ ಬೇಕೇ ಬೇಕು. ಎಲೆ ಚಿಗುರದ ಕಾಡಿನಲ್ಲಿ ನೆರಳಿಲ್ಲ, ಹಿಮವಂತೂ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ಕಪ್ಪು ಕನ್ನಡಕವನ್ನು ಮರೆಯಬೇಡಿ.

ಮಂಜುಗಡ್ಡೆಗೆ ಬೇಕಾದ ಸಲಕರಣೆ ಒಂದು, ಮೆತ್ತನೆಯ ಹಿಮಕ್ಕೆ ಬೇಕಾದದ್ದು ಇನ್ನೊಂದು. ಬೂಟಿಗೆ ತೊಡಿಸುವ ಮುಳ್ಳುಸರಪಳಿ, ಅಂದರೆ ಮೈಕ್ರೋಸ್ಪೈಕ್ಸ್, ಜಾರುವುದನ್ನು ತಡೆಯುತ್ತದೆಯೇ ಹೊರತು ಹೂತುಹೋಗುವುದನ್ನು ತಡೆಯುವುದಿಲ್ಲ. ಹಿಮಪಾದುಕೆ, ಅಂದರೆ ಸ್ನೋಶೂ, ಭಾರವನ್ನು ಅಗಲಕ್ಕೆ ಹರಡಿ ಹೂತುಹೋಗದಂತೆ ಮಾಡುತ್ತದೆ. ಮೇಲಿನ ಹಿಮ ಮೊಣಕಾಲೆತ್ತರ ಇದೆ ಎಂಬ ವರ್ತಮಾನ ಬಂದಿದ್ದರೆ ಎರಡನ್ನೂ ಹೊರಬೇಕು. ಚೀಲ ಭಾರವಾಯಿತೆಂದು ಒಂದನ್ನು ವಾಹನದಲ್ಲೇ ಬಿಟ್ಟವರು ಮೇಲೆ ಹೋದ ಮೇಲೆ ಆ ಭಾರವನ್ನು ಕಾಲಿನಿಂದ ತೀರಿಸುತ್ತಾರೆ.

ಹಾದಿಯಲ್ಲಿ: ಕೆಸರು

ಮೇಲಿನ ನಾಲ್ಕು ಬೆರಳು ಮಣ್ಣು ಕರಗಿದ್ದರೂ ಅದರ ಕೆಳಗಿನ ಪದರ ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರಿಗೆ ಕೆಳಗಿಳಿಯಲು ದಾರಿಯಿಲ್ಲದೆ ಅದು ಮೇಲ್ಪದರದಲ್ಲೇ ನಿಂತು ಮಣ್ಣನ್ನು ಅಂಬಲಿಯಂತೆ ಮಾಡುತ್ತದೆ. ಇಂಥ ಕಡೆ ಬೂಟು ಕೊಳೆಯಾಗದಿರಲೆಂದು ಅಂಚಿನ ಹುಲ್ಲಿನ ಮೇಲೆ ಕಾಲಿಟ್ಟು ಬಳಸಿ ಹೋಗುವುದು ಸಹಜವೆನಿಸುತ್ತದೆ. ಒಬ್ಬರು ಹಾಗೆ ಹೋದಲ್ಲಿ ಮುಂದಿನವರು ಇನ್ನೂ ಒಂದಡಿ ಆಚೆ ಹೋಗುತ್ತಾರೆ. ಎರಡಡಿಯ ಕಾಲುಹಾದಿ ಒಂದೇ ಋತುವಿನಲ್ಲಿ ಗಾಡಿರಸ್ತೆಯಷ್ಟು ಅಗಲವಾಗಿ, ಬೇರುಗಳು ಬಯಲಾಗಿ, ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಮರಗಳ ನೆರಳು ಮುಚ್ಚಿಕೊಳ್ಳುವ ಮೊದಲಿನ ಕೆಲವೇ ವಾರಗಳಲ್ಲಿ ಚಿಗುರಿ, ಹೂಬಿಟ್ಟು, ಬೀಜ ಕಟ್ಟಿ ಮುಗಿಸಬೇಕಾದ ಕಾಡುಹೂಗಳೂ ಅದೇ ಅಂಚಿನಲ್ಲಿರುತ್ತವೆ. ಆದ್ದರಿಂದ ಕೆಸರಿನ ನಡುವೆಯೇ ನಡೆಯಿರಿ. ಎಲ್ಲಾದರೂ ಒಂದೆರಡು ಕಡೆ ಕೆಸರಿದ್ದರೆ ಸರಿ. ಹೆಜ್ಜೆಹೆಜ್ಜೆಗೂ ಬೂಟು ಆಳಕ್ಕೆ ಇಳಿದು ಗುಂಡಿ ಬೀಳುತ್ತಿದ್ದರೆ ಹಾದಿ ಇನ್ನೂ ನಡೆಯಲು ಸಿದ್ಧವಾಗಿಲ್ಲವೆಂದೇ ಅರ್ಥ, ಅಲ್ಲಿಂದಲೇ ಹಿಂದಿರುಗಬೇಕು.

ಹಾದಿಯಲ್ಲಿ: ಹಿಮದ ಬೆನ್ನೆಲುಬು

ಚಳಿಗಾಲದಲ್ಲಿ ನೂರಾರು ಜನ ನಡೆದ ಹಾದಿಯ ನಡುವೆ ಹಿಮ ತುಳಿದು ತುಳಿದು ಗಟ್ಟಿಯಾಗಿರುತ್ತದೆ. ಆಚೀಚೆಯ ಸಡಿಲ ಹಿಮ ಮೊದಲು ಕರಗಿ ಕುಸಿದಾಗ ನಡುವಿನ ಈ ಭಾಗ ಮಾತ್ರ ದಿಬ್ಬದಂತೆ ಎದ್ದು ನಿಲ್ಲುತ್ತದೆ. ಹತ್ತಿರದಿಂದ ನೋಡಿದರೆ ಅದರ ಅಗಲ ಒಂದು ಬೂಟಿನ ಉದ್ದಕ್ಕಿಂತ ಹೆಚ್ಚಿರುವುದಿಲ್ಲ. ಬಣ್ಣ ಬೂದಿ, ಉದುರಿದ ಸೂಜಿಎಲೆಗಳೂ ತೊಗಟೆಯ ಚೂರುಗಳೂ ಅದರೊಳಗೆ ಸಿಕ್ಕಿಕೊಂಡಿರುತ್ತವೆ, ಮೇಲೆ ತೆಳುವಾಗಿ ನೀರು ಹರಿದು ಗಾಜಿನಂತೆ ಹೊಳೆಯುತ್ತಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಜಾರುತ್ತದೆ, ಪಕ್ಕಕ್ಕೆ ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತದೆ. ಮುಳ್ಳುಸರಪಳಿಯನ್ನು ಮೊದಲ ಬಾರಿ ಜಾರುವ ಮುನ್ನವೇ ತೊಟ್ಟುಕೊಂಡು, ಎರಡೂ ಊರುಗೋಲುಗಳನ್ನು ಆಚೀಚೆ ಊರುತ್ತ ಈ ಬೆನ್ನೆಲುಬಿನ ಮೇಲೆಯೇ ಸಣ್ಣ ಹೆಜ್ಜೆಗಳಲ್ಲಿ ನಡೆಯುವುದೇ ಸರಿಯಾದ ಕ್ರಮ.

ಬಿಸಿಲೇರಿದಂತೆ ಮೇಲ್ಪದರ ಭಾರ ಹೊರದಾಗುತ್ತದೆ. ಕಾಲಿಟ್ಟ ಕ್ಷಣ ಅದು ತಡೆದುಕೊಂಡಂತೆ ಕಂಡು, ಇಡೀ ಭಾರವನ್ನು ಆ ಕಾಲಿಗೆ ದಾಟಿಸಿದೊಡನೆ ಕುಸಿಯುತ್ತದೆ. ಮುಂದೆ ಹೋಗುವ ವೇಗದಲ್ಲಿದ್ದ ಮೈ ಮುಂದೆಯೇ ಹೋಗಿ, ಕಾಲು ಮಾತ್ರ ಗುಂಡಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಮಂಡಿಗೆ ಪೆಟ್ಟಾಗುವುದು ಹೀಗೆ. ಭಾರವನ್ನು ನಿಧಾನವಾಗಿ, ಮೂರು ಹಂತಗಳಲ್ಲಿ ದಾಟಿಸಿ. ಹೂತ ಕಾಲನ್ನು ಎಳೆದು ಕೀಳದೆ, ಊರುಗೋಲನ್ನು ಅಡ್ಡ ಮಲಗಿಸಿ ಅದರ ಮೇಲೆ ಕೈಯೂರಿ ಮೇಲೆತ್ತಿ. ಬಂಡೆಗಳ ಪಕ್ಕದಲ್ಲಿ, ಮರದ ಬುಡಗಳಲ್ಲಿ ಹಿಮ ಒಳಗಿನಿಂದ ಟೊಳ್ಳಾಗಿರುತ್ತದೆ. ಬಿಸಿಲಿಗೆ ಕಾದ ಕಪ್ಪು ತೊಗಟೆ ಸುತ್ತಲಿನ ಹಿಮವನ್ನು ಕರಗಿಸಿರುತ್ತದೆ, ಹಿಮದಡಿ ಹುದುಗಿದ ಎಳೆಯ ಮರಗಳ ಕೊಂಬೆಗಳ ಕೆಳಗೂ ಬರಿಯ ಗಾಳಿ ಇರುತ್ತದೆ. ಆಧಾರಕ್ಕೆಂದು ಮರದ ಹತ್ತಿರ ಸರಿಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಕಾಲು ಪದೇ ಪದೇ ಹೂಳುತ್ತಿದ್ದು ಹಿಮಪಾದುಕೆ ಇಲ್ಲದಿದ್ದರೆ ಮುಂದುವರಿಯಬೇಡಿ: ನಿಮ್ಮ ಗುಂಡಿಗಳು ರಾತ್ರಿ ಹೆಪ್ಪುಗಟ್ಟಿ ನಾಳೆ ಬರುವವರ ಕಾಲು ಮುರಿಯುವ ಬಲೆಗಳಾಗುತ್ತವೆ.

ಹಾದಿಯಲ್ಲಿ: ಹಳ್ಳ

ಹಿಮ ಕರಗಿದ ನೀರಿನ ಹಳ್ಳಕ್ಕೆ ದಿನದ ಲಯವಿದೆ. ನಸುಕಿನಲ್ಲಿ ಅದು ಅತಿ ಕಡಿಮೆ, ಮಧ್ಯಾಹ್ನ ಇಳಿದ ಮೇಲಿನಿಂದ ಸಂಜೆಯವರೆಗೆ ಅತಿ ಹೆಚ್ಚು. ದಂಡೆಯ ಬಳಿ ನಿಂತು ಮೊದಲು ಕಿವಿಗೊಡಿ. ನೀರಿನೊಳಗಿಂದ ಕಲ್ಲುಗಳು ಉರುಳುವ ಮಂದ ಸದ್ದು ಕೇಳಿದರೆ ದಾಟುವ ಮಾತೇ ಇಲ್ಲ. ನೀರು ಕಂದಾಗಿದ್ದು ತಳ ಕಾಣದಿದ್ದರೂ ಇಲ್ಲ. ವೇಗವಾಗಿ ಹರಿಯುವ ನೀರು ಮೊಣಕಾಲಿಗೆ ಮುಟ್ಟುವಂತಿದ್ದರೆ ಹಿಂದಿರುಗುವುದೇ ಲೇಸು.

ದಾಟಬಹುದೆನಿಸಿದರೆ ಹಾದಿ ಹಳ್ಳಕ್ಕೆ ಇಳಿಯುವ ಜಾಗವೇ ದಾಟಲು ತಕ್ಕ ಜಾಗವೆಂದುಕೊಳ್ಳದೆ ಮೇಲೂ ಕೆಳಗೂ ಸ್ವಲ್ಪ ದೂರ ನಡೆದು ನೋಡಿ. ಹಳ್ಳ ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ಅಗಲವಾಗಿ ಹರಡಿದಲ್ಲಿ ಕಡಿಮೆ. ಕೆಳಗೆ ಜಲಪಾತವೋ, ಅಡ್ಡಬಿದ್ದ ಮರಗಳ ರಾಶಿಯೋ ಇರುವ ಜಾಗವನ್ನು ಆರಿಸಬೇಡಿ, ಬಿದ್ದರೆ ನೀರು ಅದರೊಳಗೇ ತಳ್ಳುತ್ತದೆ. ಬೂಟು ಬಿಚ್ಚಬೇಡಿ: ಹಿಮನೀರಿನಲ್ಲಿ ಬರಿಗಾಲು ಕ್ಷಣದಲ್ಲಿ ಮರಗಟ್ಟಿ ಕಲ್ಲಿನ ಹಿಡಿತ ತಿಳಿಯದಾಗುತ್ತದೆ. ಕಾಲುಚೀಲ ತೆಗೆದಿಟ್ಟು ಬೂಟು ಮಾತ್ರ ಹಾಕಿಕೊಳ್ಳಬಹುದು. ಬೆನ್ನುಚೀಲದ ಸೊಂಟದ ಮತ್ತು ಎದೆಯ ಪಟ್ಟಿಗಳನ್ನು ಸಡಿಲಿಸಿ, ನೀರು ಬರುವ ಕಡೆಗೆ ಮುಖ ಮಾಡಿ, ಊರುಗೋಲನ್ನು ಮುಂದೆ ಊರಿ, ಅಡ್ಡಡ್ಡ ಹೆಜ್ಜೆಯಿಡುತ್ತ, ಒಮ್ಮೆಗೆ ಒಂದನ್ನು ಮಾತ್ರ, ಅಂದರೆ ಒಂದು ಕಾಲನ್ನು ಅಥವಾ ಕೋಲನ್ನು, ಕದಲಿಸಿ ದಾಟಿ. ಒದ್ದೆಯಾದ ಬಿದ್ದ ಮರದ ಮೇಲೆ ನಡೆಯುವುದಕ್ಕಿಂತ ಪಾದ ಮುಳುಗುವ ನೀರಿನಲ್ಲಿ ನಡೆಯುವುದು ಒಳ್ಳೆಯದು. ಹಳ್ಳದ ಮೇಲೆ ಇನ್ನೂ ಹಿಮ ಮುಚ್ಚಿಕೊಂಡಿದ್ದರೆ, ಅಡಿಯಿಂದ ನೀರಿನ ಸದ್ದು ಕೇಳುತ್ತಿದ್ದರೆ, ಆ ಹಿಮದ ಮೇಲೆ ಕಾಲಿಡಬೇಡಿ.

ದಾರಿ ತಪ್ಪದಂತೆ

ಮರಗಳ ಮೇಲೆ ಬಳಿದ ಬಣ್ಣದ ಗುರುತುಗಳು ಎದೆಯೆತ್ತರದಲ್ಲೋ ಕಣ್ಣೆತ್ತರದಲ್ಲೋ ಇರುತ್ತವೆ. ಒಂದು ಮೀಟರ್ ಹಿಮದ ಮೇಲೆ ನಿಂತಾಗ ಅವು ಮೊಣಕಾಲಿನ ಬಳಿಗೆ ಇಳಿಯುತ್ತವೆ ಅಥವಾ ಹೂತೇ ಹೋಗಿರುತ್ತವೆ. ಮುಂದಿನವರ ಹೆಜ್ಜೆಗುರುತನ್ನೇ ನಂಬುವುದು ಅಪಾಯಕರ. ಅವರೂ ದಾರಿ ತಪ್ಪಿ, ಬೇರೆಡೆಯಿಂದ ಹೊರಬಿದ್ದಿರಬಹುದು. ಒಂದು ಗುರುತಿನಿಂದ ಇನ್ನೊಂದು ಗುರುತು ಕಾಣುವವರೆಗೆ ಗುಂಪಿನಲ್ಲಿ ಒಬ್ಬರು ಹಿಂದಿನ ಗುರುತಿನ ಬಳಿಯೇ ನಿಲ್ಲುವ ಕ್ರಮ ನಿಧಾನವೆನಿಸಿದರೂ ಬಹಳ ಉಪಯುಕ್ತ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುವುದರಿಂದ ಅದನ್ನು ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ.

ಹಿಂದಿರುಗುವ ತೀರ್ಮಾನ

ಸುತ್ತುಹಾದಿಯಲ್ಲಿ ಅರ್ಧ ದೂರ ಕಳೆದ ಮೇಲೆ ‘ಹಿಂದೆ ಹೋಗುವುದಕ್ಕಿಂತ ಮುಂದೆ ಹೋಗುವುದೇ ಹತ್ತಿರ’ ಎಂಬ ಮಾತು ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ದೂರದ ಲೆಕ್ಕದಲ್ಲಿ ಅದು ನಿಜ. ಆದರೆ ಹಿಂದಿನ ಏಳು ಕಿಲೋಮೀಟರ್ ನಿಮಗೆ ಗೊತ್ತಿದೆ, ಅದರಲ್ಲಿ ನಿಮ್ಮದೇ ಹೆಜ್ಜೆಗುರುತುಗಳಿವೆ, ಅದನ್ನು ದಾಟಬಹುದೆಂಬುದಕ್ಕೆ ನೀವು ಇಲ್ಲಿ ನಿಂತಿರುವುದೇ ಸಾಕ್ಷಿ. ಮುಂದಿನ ಐದರ ಬಗ್ಗೆ ಇಂಥ ಯಾವ ಭರವಸೆಯೂ ಇಲ್ಲ. ಹಾಗಾಗಿ ಹೊರಡುವ ಮೊದಲೇ ಒಂದು ಜಾಗವನ್ನೂ ಒಂದು ಹೊತ್ತನ್ನೂ ನಿಗದಿ ಮಾಡಿ: ಇಷ್ಟು ಗಂಟೆಯೊಳಗೆ ಈ ಕವಲಿಗೆ ತಲುಪದಿದ್ದರೆ ಹಿಂದಿರುಗುವುದು, ಚರ್ಚೆಯಿಲ್ಲ.

ಗಡಿಯಾರಕ್ಕಿಂತ ಮೊದಲು ಮೈಯೂ ಸೂಚನೆ ಕೊಡುತ್ತದೆ. ಮಾತು ತೊದಲುವುದು, ಜಾಕೆಟ್ಟಿನ ಜಿಪ್ ಎಳೆಯಲು ಬೆರಳು ತಡವರಿಸುವುದು, ಸಮನೆಲದಲ್ಲೂ ಕಾಲು ಎಡವುವುದು, ಕಾರಣವಿಲ್ಲದೆ ಸಿಡುಕುವುದು ಮೈಶಾಖ ಇಳಿಯುತ್ತಿರುವ ಲಕ್ಷಣಗಳು. ಒಳಮೈಯ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದು ತುರ್ತುಸ್ಥಿತಿ. ಇದಕ್ಕೆ ಹಿಮವೇ ಬೇಕೆಂದಿಲ್ಲ, ಐದಾರು ಡಿಗ್ರಿಯ ಮಳೆಗಾಳಿ ಸಾಕು. ಅಂಥವರ ಒದ್ದೆ ಬಟ್ಟೆ ಬದಲಿಸಿ, ಗಾಳಿಗೆ ಮರೆ ಮಾಡಿ, ಎಚ್ಚರವಾಗಿದ್ದು ನುಂಗಲು ಶಕ್ತರಾಗಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಟ್ಟು, ನೆರವು ಕರೆಯಿರಿ.

ಗಾಳಿ ಜೋರಾದ ದಿನ ತಲೆಯ ಮೇಲೂ ಕಣ್ಣಿರಬೇಕು. ಚಳಿಗಾಲದ ಹಿಮಭಾರಕ್ಕೆ ಮುರಿದ ಕೊಂಬೆಗಳು ಇನ್ನೂ ಮೇಲೆ ನೇತಾಡುತ್ತಿರುತ್ತವೆ, ನೀರು ಕುಡಿದ ಮಣ್ಣಿನಲ್ಲಿ ಬೇರುಗಳ ಹಿಡಿತವೂ ಸಡಿಲವಾಗಿರುತ್ತದೆ. ಅಂಥ ಮರಗಳ ಕೆಳಗೆ ಉಣ್ಣಲು ಕೂರಬೇಡಿ.

ಇಳಿದು ಬಂದ ಮೇಲೆ

ಹಿಮ ಕರಗಿದ ಕೆಳಕಾಡಿನ ತರಗೆಲೆಗಳಲ್ಲಿ ಉಣುಗುಗಳು ಎಚ್ಚೆತ್ತಿರುತ್ತವೆ. ತಾಪಮಾನ ನಾಲ್ಕೈದು ಡಿಗ್ರಿ ದಾಟಿದರೆ ಅವು ಓಡಾಡಬಲ್ಲವು, ಮರಿಗಳಂತೂ ಗಸಗಸೆ ಕಾಳಿನಷ್ಟೇ ಇರುತ್ತವೆ. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡಗಳನ್ನು ಅಂದೇ ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಚೂಪುತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಕಲೆಯೋ ಕಂಡರೆ ವೈದ್ಯರಿಗೆ ತೋರಿಸಿ, ಉಣುಗು ಕಚ್ಚಿದ ದಿನವನ್ನೂ ತಿಳಿಸಿ.

ಬೂಟಿನ ಒಳಪದರ ತೆಗೆದು ಕಾಗದ ತುಂಬಿ ಒಣಗಲು ಇಟ್ಟ ಮೇಲೆ, ಮರೆಯುವ ಮೊದಲು ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಹೋದ ದಿನಾಂಕ, ಹಿಂದಿನ ರಾತ್ರಿಯ ತಾಪಮಾನ, ಹಿಮ ಯಾವ ಎತ್ತರದಲ್ಲಿ ಶುರುವಾಯಿತು, ಹಳ್ಳ ಎಷ್ಟು ಗಂಟೆಗೆ ಎಲ್ಲಿಯವರೆಗೆ ಇತ್ತು. ಅದೇ ಹಾದಿಗೆ ಮುಂದಿನ ವಾರ ಹೋಗಲಿರುವವರು ಸಿಕ್ಕರೆ ಆ ನಾಲ್ಕು ಸಾಲನ್ನು ಅವರಿಗೂ ಓದಿ ಹೇಳಿ.